ಮೇದಾರ ಓಣಿಯ ಸೇರು

ನಾನು ಒಂದು ಸೇರು. ಕಬ್ಬಿಣದ ಸೇರು. ಈಗಿನ ಮಕ್ಕಳಿಗೆ ಸೇರು ಎಂದರೆ ಏನೆಂದೇ ತಿಳಿಯದು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಕಾಳುಕಡಿ ಅಳೆಯುವ ಪಾತ್ರೆ ನಾನು. ಅಗಲವಾದ ಬಾಯಿ, ಗಟ್ಟಿ ತಳ, ನಡುವೆ ಹೊಟ್ಟೆ. ನನ್ನ ಮೈ ಅಷ್ಟೇ. ಹಿಡಿಕೆಯಿಲ್ಲ, ಮುಚ್ಚಳವಿಲ್ಲ, ಚಂದದ ಕೆತ್ತನೆಯಿಲ್ಲ. ಸುತ್ತಿ ಬಳಸಿ ಮಾತಾಡುವುದೂ ನನಗೆ ಬರುವುದಿಲ್ಲ. ಬಡಿದರೆ ಠಣ್ ಎನ್ನುವ ಜಾತಿ ನಮ್ಮದು.

ನಾನು ಹುಟ್ಟಿದ್ದು ಮೌನೇಶಪ್ಪ ಎಂಬ ಕಮ್ಮಾರನ ಕುಲುಮೆಯಲ್ಲಿ. ರಾಣೆಬೆನ್ನೂರಿನ ಕಡೆಯ ಒಂದು ತಾಲ್ಲೂಕು ಊರು ಅದು. ಮೌನೇಶಪ್ಪ ಕಬ್ಬಿಣದ ತಗಡನ್ನು ಕಾಯಿಸಿ, ಬಗ್ಗಿಸಿ, ಬಾಯಿಗೊಂದು ಪಟ್ಟಿ ಕಟ್ಟಿ, ತಳ ಕೂರಿಸಿದ. ತಣ್ಣಗಾದ ಮೇಲೆ ಹಳೆಯದೊಂದು ಸೇರಿನಿಂದ ಜೋಳ ಅಳೆದು ನನ್ನೊಳಗೆ ಸುರಿದ. ಜೋಳ ತುಳುಕಿ ನೆಲಕ್ಕೆ ಬಿತ್ತು. ನನ್ನ ಹೊಟ್ಟೆ ಸಣ್ಣದಾಗಿತ್ತು.

"ಥೂ ನಿನ್ನ! ಹುಟ್ಟುತ್ಲೇ ಸುಳ್ಳು ಹೇಳ್ತೀಯಾ?" ಎಂದು ನನ್ನನ್ನು ಬೈದು, ಮತ್ತೆ ಬೆಂಕಿಗೆ ಹಾಕಿ, ಒಳಗಿನಿಂದ ಬಡಿದ. ನಾನು ಮೊದಲು ಕೇಳಿದ ಮಾತು ಬೈಗುಳ. ಆದರೆ ನ್ಯಾಯವಾದ ಬೈಗುಳ. ಎರಡನೇ ಸಲ ಜೋಳ ನನ್ನ ಬಾಯಿಯ ಅಂಚಿಗೆ ಸರಿಯಾಗಿ ನಿಂತಿತು.

ನನ್ನನ್ನು ಕೊಂಡವನು ಕೊಟ್ರಬಸಪ್ಪ. ಮೇದಾರ ಓಣಿಯಲ್ಲಿ ಹೊಸದಾಗಿ ಅಂಗಡಿ ಹಾಕಿದ್ದವನು. ಮೌನೇಶಪ್ಪ ನನ್ನನ್ನು ಅವನ ಕೈಗೆ ಕೊಡುವ ಮೊದಲು ಒಂದು ಹಿಡಿ ಜೋಳ ಹಾಕಿ ಕೊಟ್ಟ. "ಖಾಲಿ ಸೇರು ಕೊಡಬಾರ್ದು, ತಗೊಳ್ಳಬಾರ್ದು. ಇಟ್ಟಲ್ಲೂ ಖಾಲಿ ಇರಬಾರ್ದು ಸಾವ್ಕಾರ್ರ" ಎಂದ. ಕೊಟ್ರಬಸಪ್ಪ ಎರಡೂ ಕೈಯಲ್ಲಿ ನನ್ನನ್ನು ತೆಗೆದುಕೊಂಡ. ಕೂಸನ್ನು ಎತ್ತಿಕೊಳ್ಳುವಂತೆ, ಎದೆಗೆ ಆನಿಸಿಕೊಂಡು ತಂದ.

ಅಂಗಡಿ ಚಿಕ್ಕದು. ಬೆಳಗ್ಗೆ ತೆಗೆದು ಗೋಡೆಗೆ ಆನಿಸಿಡುವ ಹಲಗೆಯ ಬಾಗಿಲು. ಒಳಗೆ ಅಕ್ಕಿ, ಜೋಳ, ಬೇಳೆ, ಪುಟಾಣಿ ಎನ್ನುವ ಹುರಿಗಡಲೆ, ಬೆಲ್ಲ. ಬಾಗಿಲ ಬಳಿ ಮಂಡಕ್ಕಿಯ ದೊಡ್ಡ ಚೀಲ. ಆ ಚೀಲದ ಪಕ್ಕದಲ್ಲಿ ನನ್ನ ಜಾಗ. ಅಚ್ಚೇರು, ಪಾವು, ಚಟಾಕು ಎಂಬ ಸಣ್ಣ ಅಳತೆಯ ನನ್ನ ತಮ್ಮಂದಿರು ಹಣದ ಗಲ್ಲೆಯ ಮೇಲೆ ಒಂದರೊಳಗೊಂದು ಕೂತಿರುತ್ತಿದ್ದರು. ನಾನು ಕೆಳಗೆ ನೆಲದ ಮೇಲೆ. ಅಲ್ಲಿಂದ ನನಗೆ ಜನರ ಕಾಲು, ಸೀರೆಯ ಅಂಚು, ಚೀಲ ಹಿಡಿದ ಕೈ ಇಷ್ಟೇ ಕಾಣುತ್ತಿದ್ದವು. ಮುಖ ನೋಡದೆಯೇ ಮನುಷ್ಯರನ್ನು ಗುರುತಿಸಲು ನಾನು ಅಲ್ಲೇ ಕಲಿತೆ.

ಕೊಟ್ರಬಸಪ್ಪ ಅಳೆಯುವುದನ್ನು ನೀವು ಕೇಳಬೇಕಿತ್ತು. ಮೊದಲ ಸೇರಿಗೆ ಅವನು ಒಂದು ಎನ್ನುತ್ತಿರಲಿಲ್ಲ. "ಲಾಭ" ಎನ್ನುತ್ತಿದ್ದ. "ಲಾಭ... ಎರಡು... ಮೂರು..." ಎಂದು ರಾಗವಾಗಿ ಎಣಿಸುತ್ತಿದ್ದ. ಆ ಸೀಮೆಯಲ್ಲಿ ಕಣದಲ್ಲಿ ರಾಶಿ ಅಳೆಯುವವರೂ ಹಾಗೆಯೇ ಶುರು ಮಾಡುವುದು. ಆ ಲಾಭ ಮಾರುವವನಿಗಷ್ಟೇ ಅಲ್ಲ, ಒಯ್ಯುವವನಿಗೂ ಸೇರಿದ್ದು. ಎಣಿಕೆ ಮುಗಿದ ಮೇಲೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಗಿರಾಕಿಯ ಚೀಲಕ್ಕೆ ಹಾಕುತ್ತಿದ್ದ. ಅದಕ್ಕೆ ಕೊಸರು ಎಂದು ಹೆಸರು. ಕೊಸರಿಗೆ ಅಳತೆ ಇಲ್ಲ, ಬೆಲೆಯೂ ಇಲ್ಲ. ವ್ಯಾಪಾರ ಮುಗಿದ ಮೇಲೆ ಉಳಿಯುವ ನಂಟಿಗೆ ಹಾಕುವ ಹಿಡಿ ಅದು. ಕೊಸರು ಹಾಕದೆ ಕಳಿಸಿದರೆ ಗಿರಾಕಿಗೆ ಬೈದು ಕಳಿಸಿದಂತೆ.

ಇನ್ನೊಂದು ಕೆಲಸವೂ ನನಗಿತ್ತು. ಓಣಿಯಲ್ಲಿ ಮದುವೆಯಾದರೆ ಸೊಸೆಯನ್ನು ಮನೆ ತುಂಬಿಸಿಕೊಳ್ಳಲು ನನ್ನನ್ನು ಕೇಳಿ ಒಯ್ಯುತ್ತಿದ್ದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿ ನನ್ನನ್ನು ಇಟ್ಟರೆ, ಸೊಸೆ ಬಲಗಾಲಿನಿಂದ ಒದ್ದು, ಅಕ್ಕಿ ಚೆಲ್ಲಿ ಒಳಗೆ ಬರುತ್ತಿದ್ದಳು. ಅಂಗಡಿಯ ಸೇರು ಯಾವತ್ತೂ ಖಾಲಿ ಇರುವುದಿಲ್ಲ, ಅದನ್ನು ಒದ್ದು ಬಂದವಳ ಮನೆಯೂ ಖಾಲಿ ಇರುವುದಿಲ್ಲ ಎಂದು ಓಣಿಯ ಹೆಂಗಸರು ನಂಬಿದ್ದರು. ಹೀಗೆ ಮೇದಾರ ಓಣಿಯ ಅರ್ಧ ಸೊಸೆಯಂದಿರು ನನ್ನನ್ನು ಒದ್ದವರೇ. ನನಗೆ ಅದರಲ್ಲಿ ಅವಮಾನ ಇರಲಿಲ್ಲ.

ಎಲ್ಲರೂ ಮೆಲ್ಲಗೆ ಒದೆಯುತ್ತಿದ್ದರು. ನೀಲವ್ವ ಮಾತ್ರ ಹಾಗೆ ಮಾಡಲಿಲ್ಲ.

ನೀಲವ್ವ ಕೊಟ್ರಬಸಪ್ಪನ ಮಗ ಅಂದಾನೆಪ್ಪನ ಹೆಂಡತಿಯಾಗಿ ಬಂದವಳು. ಹೆದರಿದ್ದಳೋ ಏನೋ, ಕಣ್ಣು ಮುಚ್ಚಿ ಒದ್ದುಬಿಟ್ಟಳು. ನಾನು ಅಕ್ಕಿ ಉಗುಳುತ್ತಾ ಪಡಸಾಲೆಯುದ್ದಕ್ಕೂ ಉರುಳಿ ಹೋಗಿ ಒರಳುಕಲ್ಲಿಗೆ ಬಡಿದೆ. ಠಣ್! ತಳದ ಹತ್ತಿರ ನನ್ನ ಮೈ ತಗ್ಗು ಬಿತ್ತು.

"ಯವ್ವಾ, ಚೆಂಡು ಒದ್ದಂಗ ಒದ್ಲಲ್ಲೇ ಇಕಿ!" ಎಂದು ಯಾರೋ ಮುದುಕಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನೀಲವ್ವನ ಕಣ್ಣಲ್ಲಿ ನೀರು. ಕೊಟ್ರಬಸಪ್ಪ ಬಿದ್ದು ಬಿದ್ದು ನಕ್ಕ.

"ಒದೀಲಿ ಬಿಡ್ರಿ. ಅಂಗಡಿ ಸೊಸಿ ಕಾಲಾಗ ಕಸುವಿರಬೇಕು!"

ಆಮೇಲೆ ನನ್ನನ್ನು ಎತ್ತಿ ತಗ್ಗಿನ ಮೇಲೆ ಬೆರಳಾಡಿಸಿ ನೋಡಿದ. ತಗ್ಗು ಬಿದ್ದ ಸೇರಿನಲ್ಲಿ ಅಷ್ಟು ಕಾಳು ಕಡಿಮೆ ಹಿಡಿಯುತ್ತದೆ. ಮೌನೇಶಪ್ಪನ ಬಳಿ ಒಯ್ದು ಬಡಿಸಬಹುದಿತ್ತು. ಅವನು ಒಯ್ಯಲಿಲ್ಲ. ಮಗನನ್ನು ಕರೆದು ಹೇಳಿದ, "ಅಂದಾನೆಪ್ಪಾ, ಈ ತಗ್ಗು ನಿನ್ನ ಹೇಣ್ತಿ ಕಾಲಿಂದು. ಹಿಂಗ ಇರ್ಲಿ. ಆದ್ರ ಇವತ್ತಿನಿಂದ ಕೊಸರಿನ ಹಿಡಿ ದೊಡ್ದಾಗಬೇಕು. ಇಲ್ಲಿ ಕಡಿಮಿ ಆದದ್ದು ಅಲ್ಲಿ ಹೆಚ್ಚಾಗ್ಲಿ. ಒಬ್ಬ ಗಿರಾಕಿನೂ ಸೇರು ಸುಳ್ಳು ಅನ್ನಬಾರ್ದು."

ಅಂದಿನಿಂದ ನನ್ನ ತಗ್ಗಿಗೂ ಆ ಮನೆಯ ಕೊಸರಿಗೂ ನಂಟು ಬಿತ್ತು. ಕೊಟ್ರಬಸಪ್ಪ ಸಾಯುವ ಮುಂಚೆ ಸೊಸೆಯನ್ನು ಹತ್ತಿರ ಕರೆದು ಹೇಳಿದ್ದೂ ಅದನ್ನೇ. "ಅಂವ ಸಿಟ್ಟಿನ ಮನಷ್ಯಾ. ನೀ ನೋಡ್ಕೋಬೇಕು. ಸೇರು ಖಾಲಿ ಬಿಡಬ್ಯಾಡ, ಕೊಸರು ನಿಲ್ಲಸಬ್ಯಾಡ." ನೀಲವ್ವ ತಲೆ ಆಡಿಸಿದಳು. ಆ ಮಾತು ಉಳಿಸಿಕೊಳ್ಳುವುದೇ ಅವಳ ಬದುಕಾಯಿತು.

ಅಂದಾನೆಪ್ಪ ನಿಜಕ್ಕೂ ಸಿಟ್ಟಿನ ಮನುಷ್ಯ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೇಳೆಯಲ್ಲಿ ಕೈಯಾಡಿಸಿ ನೋಡಿದ ಗಿರಾಕಿಗೆ "ಹೆಣ್ಣು ನೋಡಾಕ ಬಂದಿಯೇನು? ತಗೋ, ಇಲ್ಲಾ ನಡಿ" ಎನ್ನುತ್ತಿದ್ದ. ಆದರೆ ಬೈದ ಬಾಯಿ ಮುಚ್ಚುವ ಮೊದಲೇ ಕೈ ಕೊಸರಿಗೆ ಹೋಗಿರುತ್ತಿತ್ತು. ಅವನ ಅಂಗೈ ಅಗಲವಾದದ್ದು. ಓಣಿಯವರು ಅವನ ಬಾಯಿಗೆ ಹೆದರಿಕೊಂಡೇ ಆ ಅಂಗೈಗಾಗಿ ಬರುತ್ತಿದ್ದರು.

ಕಾಲ ಸರಿಯಿತು. ಕೆಜಿ ಬಂತು, ತಕ್ಕಡಿ ಬಂತು. ಅಕ್ಕಿ ಬೇಳೆಗಳು ತಕ್ಕಡಿಗೆ ಹೋದವು. ಮಂಡಕ್ಕಿ ಮಾತ್ರ ನನ್ನ ಬಳಿಯೇ ಉಳಿಯಿತು. ಊದಿದರೆ ಹಾರುವ ಮಂಡಕ್ಕಿಯನ್ನು ತೂಗುವುದೆಂದರೆ ಆ ಕಡೆಯ ಜನಕ್ಕೆ ಇಂದಿಗೂ ನಗೆ. ನನ್ನ ಮಂಡಕ್ಕಿಯ ದೊಡ್ಡ ಗಿರಾಕಿ ಖೈರುನಬಿ. ಬಸ್ ಸ್ಟ್ಯಾಂಡಿನ ಎದುರು, ಮಂಡಕ್ಕಿಗೆ ಖಾರ ಕಲಸಿ ಕೊಡುವ ಗಿರ್ಮಿಟ್ ಗಾಡಿ ಇಟ್ಟಿದ್ದಳು. ದಿನವೂ ಮಧ್ಯಾಹ್ನ ಚೀಲ ಹಿಡಿದು ಬರುತ್ತಿದ್ದಳು. ಅವಳ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ನೀಲವ್ವ ಒಳಗಿನಿಂದ ನಗುತ್ತಲೇ ಬರುತ್ತಿದ್ದಳು, ಜಗಳ ನೋಡಲು.

"ಲಾಭ... ಎರಡು... ಮೂರು..." ಅಂದಾನೆಪ್ಪ ನನ್ನನ್ನು ಚೀಲದಲ್ಲಿ ಮುಳುಗಿಸಿ, ಬಾಯಿಯ ಮೇಲೆ ಗುಡ್ಡದಂತೆ ಏರುವವರೆಗೆ ತುಂಬಿ ಸುರಿಯುತ್ತಿದ್ದ. ಕೊನೆಗೆ ಕೊಸರು.

"ಇಷ್ಟೇ ಏನು ಅಂದಾನೆಪ್ಪಣ್ಣಾ? ಗುಬ್ಬಿಗೆ ಹಾಕಿದಂಗ ಹಾಕ್ತೀಯಲ್ಲ!"

"ಗುಬ್ಬಿ ಆದ್ರ ಸುಮ್ಮನ ತಿಂದು ಹೋಗ್ತದ. ನಿನ್ನಂಗ ಒದರೂದಿಲ್ಲ."

"ಒದರ್ಲಿಲ್ಲಂದ್ರ ನೀ ಹಾಕ್ತೀಯೇನು? ನಾನೂ ಹಾಕಬೇಕಲ್ಲ. ಗಿರ್ಮಿಟ್ ತಿಂದ ಹುಡುಗ್ರು ಇನ್ನೊಂಚೂರು ಹಾಕ್ಬೇ ಅಂತ ಕೈ ಚಾಚ್ತಾವ. ನೀ ಹಾಕಿದ್ದನ್ನ ನಾ ಮುಂದಕ್ಕ ಹಾಕ್ತೀನಿ, ಅಷ್ಟೇ."

"ಅಂದ್ರ ಪುಣ್ಯ ನಿಂದು, ಮಂಡಕ್ಕಿ ನಂದು!"

"ಹಾಕ್ರೀ ಇನ್ನೊಂದು ಹಿಡಿ," ನೀಲವ್ವ ಒಳಗಿನಿಂದ ಹೇಳುತ್ತಿದ್ದಳು, "ಅದು ನನ್ನ ಕಾಲಿನ ಲೆಕ್ಕದ್ದು."

ಅಂದಾನೆಪ್ಪ ಗೊಣಗುತ್ತಾ ಹಾಕುತ್ತಿದ್ದ. ಅಂಗಡಿಯಿಂದ ಹೊರಟ ಕೊಸರು ಬಸ್ ಸ್ಟ್ಯಾಂಡಿನ ಹುಡುಗರ ಅಂಗೈಯವರೆಗೂ ಹೋಗುತ್ತಿತ್ತು. ನನ್ನ ಜೀವನದ ಒಳ್ಳೆಯ ಕಾಲ ಅದು. ಆಗ ಅದು ಒಳ್ಳೆಯ ಕಾಲ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಊರಾಚೆ ಹಾಳುಬಿದ್ದಿದ್ದ ಹತ್ತಿ ಮಿಲ್ಲನ್ನು ಕೆಡವಿದರು. ಆ ಜಾಗದಲ್ಲಿ ಗಾಜಿನ ಅಂಗಡಿಯೊಂದು ಎದ್ದಿತು. ಊರೂರಲ್ಲಿ ಅಂಗಡಿ ಇರುವ ಯಾವುದೋ ದೊಡ್ಡ ಕಂಪನಿಯದಂತೆ. ಬಾಗಿಲು ತಾನೇ ತೆರೆಯುತ್ತದಂತೆ. ಗಾಲಿಯ ಬುಟ್ಟಿ ತಳ್ಳಿಕೊಂಡು ಹೋಗಿ ಬೇಕಾದ್ದು ತುಂಬಿಕೊಳ್ಳಬೇಕಂತೆ. ಯಾರೂ ಏನೂ ಕೇಳುವುದಿಲ್ಲವಂತೆ. ಓಣಿಯ ಹೆಂಗಸರು ಮೊದಲು ಹೋದದ್ದು ನೋಡಿ ಬರಲು. ನೋಡಿ ಬಂದವರು ನಮ್ಮ ಕಟ್ಟೆಯ ಮೇಲೆ ಕೂತೇ ವರ್ಣಿಸಿದರು.

"ಏನ್ ತಂಪ್ ಐತ್ರೀ ಒಳಗ! ಹೊರಗ ಬರಾಕ ಮನಸಾಗೂದಿಲ್ಲ."

"ಹಂಗಾರ ಹಾಸಿಗಿ ಒಯ್ದು ಅಲ್ಲೇ ಮಲ್ಕೋರಿ" ಎಂದ ಅಂದಾನೆಪ್ಪ.

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ನೋಡಲು ಹೋದವರು ಮುಂದಿನ ಸಲ ಕೊಳ್ಳಲು ಹೋದರು. ಅವರನ್ನು ಬೈಯಬೇಕೆಂದು ಎಷ್ಟೋ ಸಲ ನನಗೆ ಅನಿಸಿದೆ. ಆದರೆ ಬುಟ್ಟಿ ಹೆಣೆದು ಹೊಟ್ಟೆ ಹೊರೆಯುವವರಿಗೆ ಅಗ್ಗವಾಗಿ ಸಿಕ್ಕಿದರೆ ಅಲ್ಲಿಗೆ ಹೋಗಬೇಡಿ ಎನ್ನಲು ನಾನು ಯಾರು? ಅಗ್ಗ ಎಂದರೆ ಸುಮ್ಮನೆ ಅಗ್ಗವಲ್ಲ. ಒಂದು ದಿನ ಅಂದಾನೆಪ್ಪನೇ ಹೋಗಿ ತೊಗರಿಬೇಳೆಯ ಒಂದು ಪ್ಯಾಕೆಟ್ ತಂದು ಹೆಂಡತಿಯ ಮುಂದೆ ಕುಕ್ಕಿದ.

"ನೋಡು. ನಾನು ತರೂ ಬೆಲಿಕಿಂತ ಅವರು ಮಾರೂ ಬೆಲಿ ಕಡಿಮಿ ಐತಿ. ಇದು ವ್ಯಾಪಾರಲ್ಲ, ಕುತ್ತಿಗಿ ಒತ್ತೂದು. ನಾವು ಸಾಯೂತನಕ ಹಿಂಗ ಮಾರ್ತಾರ. ಆಮ್ಯಾಲೆ ಅವರು ಹೇಳಿದ್ದ ಬೆಲಿ."

"ಹಂಗಂತ ನಾವು ಸಾಯಬೇಕಾ?" ಎಂದಳು ನೀಲವ್ವ. "ಅವರಲ್ಲಿ ಇಲ್ಲದ್ದು ನಮ್ಮಲ್ಲಿ ಏನೈತಿ ಅದನ್ನ ನೋಡ್ರಿ."

ಅವನು ನೋಡಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಬೇರೆ. ಓಣಿಯವರು ಈಗ ಅಂಗಡಿಯ ಮುಂದೆ ಹಾಯುವಾಗ ಗಾಜಿನ ಅಂಗಡಿಯ ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದರು. ಕೆಲವರು ಮುಂದಿನ ದಾರಿ ಬಿಟ್ಟು ಹಿತ್ತಲ ಸಂದಿಯಿಂದ ಮನೆ ಸೇರುತ್ತಿದ್ದರು. ನನಗೆ ಕಾಲುಗಳ ಗುರುತಿತ್ತಲ್ಲ, ದಿನ ಕಾಣುತ್ತಿದ್ದ ಕಾಲುಗಳು ಒಂದೊಂದಾಗಿ ಕಾಣದಾದವು. ಅವರು ಬಾರದಿರುವುದಕ್ಕಿಂತ ಹೀಗೆ ಮುಖ ತಪ್ಪಿಸುವುದೇ ಅಂದಾನೆಪ್ಪನಿಗೆ ಹೆಚ್ಚು ನೋಯುತ್ತಿತ್ತು. "ಕದ್ದು ಒಯ್ದವರಂಗ ಯಾಕ ಓಡ್ತೀರಿ? ರಾಜಾರೋಷ ಒಯ್ರಿ!" ಎಂದು ಒಬ್ಬಳ ಮೇಲೆ ಕೂಗಿಯೂ ಬಿಟ್ಟ. ಅವಳು ಮತ್ತೆ ಬರಲೇ ಇಲ್ಲ.

ಖೈರುನಬಿ ಮಾತ್ರ ಬರುತ್ತಿದ್ದಳು. ಮಂಡಕ್ಕಿಗೆ, ಪುಟಾಣಿಗೆ, ಕೊಸರಿಗೆ, ಜಗಳಕ್ಕೆ. ಅವಳನ್ನು ನೋಡಿ ಅವಳ ಓರಗೆಯ ಕೆಲವರು ಬರುತ್ತಿದ್ದರು. ಅಷ್ಟರಲ್ಲೇ ಅಂಗಡಿ ಉಸಿರಾಡುತ್ತಿತ್ತು. ಉಳಿಯುತ್ತಿತ್ತೋ ಏನೋ.

ಆಗ ಬಂದ ಮಷೀನ್ ಮಾರುವವನು. ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಬಿಸಿಗೆ ಅಂಟಿಸುವ ಮಷೀನು. "ಜನಕ್ಕ ಈಗ ಪ್ಯಾಕೆಟ್ ಬೇಕ್ರಿ ಸಾವ್ಕಾರ್ರ. ಲೂಸ್ ಮಾಲು ಮುಟ್ಟೂದಿಲ್ಲ. ನಿಮ್ಮ ಅಂಗಡಿನೂ ಅವರಂಗ ಮಾಡ್ರಿ, ಗಿರಾಕಿ ತಾನ ಬರ್ತಾರ" ಎಂದ. ಅಂದಾನೆಪ್ಪನ ಮನಸ್ಸಿನಲ್ಲಿ ಸಿಟ್ಟು ಕುದಿಯುತ್ತಿತ್ತು, ಆ ಮಾತು ಅದಕ್ಕೆ ಸೌದೆಯಾಯಿತು. ಅವರಂಗೇ ಮಾಡಿ ತೋರಿಸ್ತೀನಿ ಎಂದು ಹಠಕ್ಕೆ ಬಿದ್ದ. ಹಲಗೆ ಬಾಗಿಲು ಹೋಗಿ ಶಟರ್ ಬಂತು. ಗಾಜಿನ ಕಪಾಟು ಬಂತು. ಮಿನುಗುವ ಅಂಕಿಯ ತೂಕದ ಯಂತ್ರ ಬಂತು. ಅಕ್ಕಿ, ಬೇಳೆ, ಕೊನೆಗೆ ಮಂಡಕ್ಕಿಯೂ ಪ್ಯಾಕೆಟ್ಟಿನೊಳಗೆ ಹೋಗಿ ಬಾಯಿ ಮುಚ್ಚಿಕೊಂಡು ಸಾಲಾಗಿ ಕೂತಿತು.

ನನ್ನನ್ನು ಎತ್ತಿ ಅಟ್ಟಕ್ಕೆ ಇಡಲು ಹೋದಾಗ ನೀಲವ್ವ ಅಡ್ಡ ನಿಂತಳು.

"ಸೇರು ಕೆಳಗಿರ್ಲಿ ರೀ."

"ಯಾಕ? ಪ್ಯಾಕೆಟ್ ಅಳಿಯಾಕಾ?"

"ಪ್ಯಾಕೆಟ್ಟಿಗೆ ಕೊಸರು ಹೆಂಗ ಹಾಕ್ತೀರಿ? ಒಡದು ಹಾಕ್ತೀರೇನು?"

"ಅವರು ಹಾಕ್ತಾರೇನು ಕೊಸರು? ಅಲ್ಲಿ ಜನ ತುಂಬಿ ತುಳಕಾಡಾಕ ಹತ್ಯಾರಲ್ಲ!"

"ಅವರು ಅವರು. ನನ್ನ ಕಾಲಿನ ತಪ್ಪಿಗೆ ನಿಮ್ಮಪ್ಪ ಹಾಕಿಕೊಟ್ಟ ಕೊಸರದು. ಅದನ್ನ ನಿಲ್ಲಸಾಕ ನೀವ್ಯಾರ್ರಿ?"

ಅಂದಾನೆಪ್ಪನ ಕೈ ಮೇಲೇರಿತು. ಹೊಡೆಯಲಿಲ್ಲ. ಆ ಕೈಯಿಂದಲೇ ನನ್ನನ್ನು ಅಟ್ಟದ ಮೇಲೆ ಒಗೆದಂತೆ ಇಟ್ಟ. ಅವನು ಆಚೆ ಹೋದ ಮೇಲೆ ನೀಲವ್ವ ಸ್ಟೂಲು ಹತ್ತಿ ಬಂದಳು. ಸೆರಗಿನಲ್ಲಿ ತಂದ ಒಂದು ಹಿಡಿ ಅಕ್ಕಿಯನ್ನು ನನ್ನೊಳಗೆ ಹಾಕಿದಳು. "ಖಾಲಿ ಇರಬ್ಯಾಡಪ್ಪ" ಎಂದಳು.

ಅಲ್ಲಿಯವರೆಗೆ ನಾನು ಆ ಅಂಗಡಿಯನ್ನು ಕೆಳಗಿನಿಂದ ನೋಡಿದ್ದೆ. ಈಗ ಮೇಲಿನಿಂದ ನೋಡಿದೆ. ಅಂದಾನೆಪ್ಪನ ನೆತ್ತಿ ಬೋಳಾಗಿತ್ತು. ಅದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಖೈರುನಬಿ ಬಂದಳು. ಶಟರ್ ನೋಡಿದಳು, ಕಪಾಟು ನೋಡಿದಳು, ಮಂಡಕ್ಕಿಯ ಚೀಲ ಇದ್ದ ಜಾಗ ನೋಡಿದಳು.

"ಅಂದಾನೆಪ್ಪಣ್ಣಾ, ಸೇರೆಲ್ಲಿ?"

"ಸೇರು ಗೀರು ಇಲ್ಲ. ಪ್ಯಾಕೆಟ್ ಐತಿ. ಸ್ವಚ್ಛ ಐತಿ, ತೂಕ ಐತಿ. ಎಷ್ಟು ಬೇಕು?"

ಅವಳು ಪ್ಯಾಕೆಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡಳು. ಆಮೇಲೆ ಎಂದಿನಂತೆ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಳು. ಅಭ್ಯಾಸ. ಅಂದಾನೆಪ್ಪನ ಕೈಯೂ ಅಭ್ಯಾಸದಿಂದ ಪಕ್ಕಕ್ಕೆ ಹೋಯಿತು. ಅಲ್ಲಿ ಚೀಲ ಇರಲಿಲ್ಲ. ಕೈ ಗಾಳಿಯಲ್ಲಿ ಆಡಿ ವಾಪಸು ಬಂತು.

"ಕೊಸರು?"

"ಪ್ಯಾಕೆಟ್ಟಿನ್ಯಾಗ ಎಲ್ಲಿಂದ ತರ್ಲಿ ಕೊಸರು?"

ಖೈರುನಬಿ ಜಗಳವಾಡಲಿಲ್ಲ. ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ಪ್ಯಾಕೆಟ್ಟುಗಳನ್ನು ಒಂದೊಂದಾಗಿ ತೆಗೆದು ಗಲ್ಲೆಯ ಮೇಲೆ ಇಟ್ಟಳು.

"ಪ್ಯಾಕೆಟ್ಟೇ ಒಯ್ಯೂದಾದ್ರ ಅಲ್ಲೇ ಒಯ್ತೀನಿ ಬಿಡಣ್ಣಾ. ಅಲ್ಲಿ ಗಾಳಿನಾರ ತಣ್ಣಗೈತಿ."

ಅವಳ ಚಪ್ಪಲಿಯ ಸಪ್ಪಳ ಓಣಿಯ ತುದಿಯವರೆಗೂ ಕೇಳಿತು. ಅವಳು ಹಿತ್ತಲ ಸಂದಿಯಿಂದ ಹೋಗಲಿಲ್ಲ. ಎದುರಿನಿಂದಲೇ ಹೋದಳು.

ಎಲವೋ ಅಂದಾನೆಪ್ಪಾ! ನಿನ್ನ ಅಂಗಡಿಯಲ್ಲಿ ಬೇಳೆ ಅಗ್ಗವೆಂದು ಯಾರಯ್ಯಾ ಬರುತ್ತಿದ್ದರು? ನೀನು ಬೈಯುತ್ತಿದ್ದೆ, ಹಾಕುತ್ತಿದ್ದೆ, ಅದಕ್ಕೆ ಬರುತ್ತಿದ್ದರು. ಅದನ್ನೇ ಅಟ್ಟಕ್ಕೆ ಎಸೆದು, ಅವರ ಹಾಗೆ ಆಗಲು ಹೋದೆ. ಅವರ ಹಾಗೆ ಆಗುವುದರಲ್ಲಿ ನಿನಗಿಂತ ಅವರೇ ಗಟ್ಟಿ. ಇದನ್ನೆಲ್ಲ ಅಟ್ಟದಿಂದ ಕೂಗಿ ಹೇಳಬೇಕೆನಿಸಿತು. ಬಾಯಿ ಇಷ್ಟಗಲ ಇದ್ದರೂ ಮಾತು ಬರುವುದಿಲ್ಲ ನನಗೆ.

ಅವನಿಗೆ ತಿಳಿಯದೆ ಇರಲಿಲ್ಲ. ತಿಳಿಯುವಷ್ಟರಲ್ಲಿ ತಡವಾಗಿತ್ತು. ಖೈರುನಬಿಯ ಹಿಂದೆ ಉಳಿದವರೂ ಹೋದರು. ಪ್ಯಾಕೆಟ್ಟುಗಳ ಮೇಲೆ ಧೂಳು ಕೂತಿತು. ಒಂದು ಸಂಜೆ ಅವನು ತಾನೇ ಸ್ಟೂಲು ಹತ್ತಿ ನನ್ನನ್ನು ಕೆಳಗಿಳಿಸಿದ. ಒಳಗಿದ್ದ ಅಕ್ಕಿಯನ್ನು ನೋಡಿದ. ಯಾರು ಹಾಕಿದ್ದೆಂದು ಅವನು ಕೇಳಬೇಕಾಗಿರಲಿಲ್ಲ. ಪಂಚೆಯ ತುದಿಯಿಂದ ನನ್ನ ಮೈ ಒರೆಸಿದ. ಮಂಡಕ್ಕಿಯ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಹರಿದು ಚೀಲಕ್ಕೆ ಸುರಿದ. ಚೀಲವನ್ನು ಬಾಗಿಲಿಗೆ ತಂದು, ಪಕ್ಕದಲ್ಲಿ ನನ್ನನ್ನು ಇಟ್ಟುಕೊಂಡು ಕೂತ.

ಯಾರೂ ಬರಲಿಲ್ಲ. ಮರುದಿನವೂ ಕೂತ. ಓಣಿಯ ಕಾಲುಗಳು ಬೇರೆ ದಾರಿ ಕಲಿತುಬಿಟ್ಟಿದ್ದವು.

ಆಮೇಲೆ ಅವನು ಮಾಡಿದ್ದನ್ನು ಹೇಳಲು ನನಗೆ ಕಷ್ಟ. ನನ್ನನ್ನು ಚೀಲದಲ್ಲಿ ಮುಳುಗಿಸಿ, ಗುಡ್ಡದಂತೆ ತುಂಬಿ, ಪಕ್ಕದ ಖಾಲಿ ಚೀಲಕ್ಕೆ ಸುರಿದ. "ಲಾಭ" ಎಂದ. ಮತ್ತೆ ತುಂಬಿದ. "ಎರಡು" ಎಂದ. "ಮೂರು" ಎಂದ. ಚೀಲ ಮುಗಿಯುವವರೆಗೂ ಅಳೆದ. ಮುಗಿದ ಮೇಲೆ ಆ ಚೀಲದಿಂದ ಈ ಚೀಲಕ್ಕೆ ಅಳೆದ. ಪ್ರತಿ ಸಲವೂ ಕೊನೆಗೊಂದು ಕೊಸರು ಹಾಕಿದ. ಯಾರಿಗೆ ಹಾಕಿದ? ಅವನ ರಾಗ ಮಾತ್ರ ತಪ್ಪಿರಲಿಲ್ಲ, ಅವನ ಅಪ್ಪನದೇ ರಾಗ.

ನೀಲವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸಾಕು ಎನ್ನಲಿಲ್ಲ. ಬಂದು ಎದುರಿಗೆ ಕೂತು ಖಾಲಿ ಚೀಲದ ಬಾಯಿಯನ್ನು ಅಗಲಿಸಿ ಹಿಡಿದಳು, ಗಿರಾಕಿಯ ಹಾಗೆ.

"ಇಷ್ಟೇ ಏನ್ರೀ?" ಎಂದಳು ಕೊಸರು ಬಿದ್ದಾಗ.

ಅಂದಾನೆಪ್ಪ ಅವಳ ಮುಖ ನೋಡಿದ. ಬೈಯಲು ಬಾಯಿ ತೆರೆದವನು, ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡು ಬಿಕ್ಕಿದ. ಅವನ ಕೈಯಲ್ಲೇ ಇದ್ದ ನನಗೆ ಆ ಬಿಕ್ಕು ತಳದವರೆಗೂ ಮುಟ್ಟಿತು.

ಅದೇ ತಿಂಗಳು ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ನೀಲವ್ವ ನನ್ನೊಳಗೆ ಮತ್ತೊಂದು ಹಿಡಿ ಅಕ್ಕಿ ಹಾಕಿಟ್ಟು, ಅವನನ್ನು ಕರೆದುಕೊಂಡು ದಾವಣಗೆರೆಯ ಆಸ್ಪತ್ರೆಗೆ ಹೋದಳು. ಖರ್ಚಿಗೆಂದು ಅಂಗಡಿಯನ್ನು ಮೊಬೈಲ್ ಕವರ್ ಮಾರುವವನೊಬ್ಬನಿಗೆ ಬಾಡಿಗೆಗೆ ಕೊಟ್ಟರು. ಅವನು ಬಂದವನೇ ಹಳೆಯ ಸಾಮಾನನ್ನೆಲ್ಲ ಗುಡ್ಡೆ ಹಾಕಿಸಿ ಗುಜರಿಯವನನ್ನು ಕರೆದ. ಕೆಟ್ಟವನಲ್ಲ. ಅವನಿಗೆ ಗೊತ್ತಿರಲಿಲ್ಲ, ಹೇಳಲು ಅಲ್ಲಿ ಯಾರೂ ಇರಲಿಲ್ಲ. ಗುಜರಿಯವನು ನನ್ನನ್ನು ಬೋರಲು ಹಾಕಿ ನೆಲಕ್ಕೆ ಬಡಿದ. ನೀಲವ್ವನ ಅಕ್ಕಿ ಚರಂಡಿಗೆ ಚೆಲ್ಲಿತು. ಹುಟ್ಟಿದ ಮೇಲೆ ಮೊದಲ ಸಲ ನಾನು ಖಾಲಿಯಾಗಿಯೇ ಉಳಿದೆ. ತಮ್ಮಂದಿರನ್ನು ಬೇರೆ ಚೀಲಕ್ಕೆ ಹಾಕಿದರು. ಅಚ್ಚೇರು, ಪಾವು, ಚಟಾಕು ಎಲ್ಲಿ ಕರಗಿದರೋ ತಿಳಿಯದು.

ಗುಜರಿ ಅಂಗಡಿಯಲ್ಲಿ ಮುರಿದ ಸೈಕಲ್ಲುಗಳ ನಡುವೆ ಬಹಳ ಕಾಲ ಬಿದ್ದಿದ್ದೆ. ಮಳೆ ನೀರು ತುಂಬಿತು, ಒಣಗಿತು, ತುಕ್ಕು ಹಿಡಿಯಿತು. ಕರಗಿಸಿದರೆ ಸಾಕಪ್ಪಾ ಎಂದು ಕಾಯುತ್ತಿದ್ದೆ. ಕರಗಿಸಲಿಲ್ಲ. ಅಲಂಕಾರದ ಸಾಮಾನು ಹುಡುಕುವವನೊಬ್ಬ ಬಂದು, "ಇದು ಹಳ್ಳಿ ಸೆಟ್ಟಿಂಗಿಗೆ ಚಲೋ ಆಗ್ತೈತಿ" ಎಂದು ನನ್ನನ್ನು ಎತ್ತಿಕೊಂಡ. ಮೈಗೆ ಬಂಗಾರದ ಬಣ್ಣ ಬಳಿದ.

ಎಲ್ಲಿಗೆ ಒಯ್ದ ಗೊತ್ತೇ? ಹತ್ತಿ ಮಿಲ್ಲಿನ ಜಾಗದ ಅದೇ ಗಾಜಿನ ಅಂಗಡಿಗೆ.

ಸಂಕ್ರಾಂತಿಯ ಕಾಲ. ಬಾಗಿಲ ಒಳಗೆ ಒಂದು ಮೂಲೆಯಲ್ಲಿ ರಟ್ಟಿನ ಗುಡಿಸಲು ಕಟ್ಟಿದ್ದರು. ರಟ್ಟಿನ ಎತ್ತು, ಪ್ಲಾಸ್ಟಿಕ್ ಕಬ್ಬು, ಪ್ಲಾಸ್ಟಿಕ್ ಜೋಳದ ತೆನೆ. 'ನಮ್ಮ ಹಳ್ಳಿಯ ಸೊಗಡು' ಎಂದು ಮೇಲೆ ಬೋರ್ಡು. ಮುಂದೆ ನನ್ನನ್ನು ಕೂರಿಸಿದರು. ಒಳಗೆ ಥರ್ಮಾಕೋಲಿನ ಬಿಳಿ ಗುಂಡುಗಳನ್ನು ತುಂಬಿ, ಬಾಯಿಯ ಮೇಲೆ ಗುಡ್ಡದಂತೆ ಏರಿಸಿ, ಗೋಂದು ಹಾಕಿ ಅಂಟಿಸಿದರು. ದೂರದಿಂದ ಥೇಟ್ ಮಂಡಕ್ಕಿ. ಇಷ್ಟೆತ್ತರದ ಗುಡ್ಡವನ್ನು ಅಂದಾನೆಪ್ಪನೂ ಏರಿಸಿರಲಿಲ್ಲ. ಅದರಿಂದ ಒಂದು ಕಾಳನ್ನೂ ಯಾರಿಗೂ ಕೊಡುವಂತಿರಲಿಲ್ಲ.

ಜನ ನನ್ನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅವರಲ್ಲಿ ನನ್ನನ್ನು ಒದ್ದು ಮನೆ ತುಂಬಿದವರೂ ಇದ್ದರು. ಗುರುತು ಹಿಡಿಯಲಿಲ್ಲ. ಬಂಗಾರದ ಬಣ್ಣದಲ್ಲಿ ಹೇಗೆ ಹಿಡಿದಾರು?

ಒಂದು ದಿನ ಆ ಚಪ್ಪಲಿಯ ಸಪ್ಪಳ ಕೇಳಿತು. ಖೈರುನಬಿ. ಬೆನ್ನು ಬಾಗಿತ್ತು. ಜೊತೆಗೆ ಅವಳ ತೋಳು ಹಿಡಿದು ನೀಲವ್ವ. ನೀಲವ್ವನ ಹಣೆಯಲ್ಲಿ ವಿಭೂತಿ ಮಾತ್ರ ಇತ್ತು, ಕುಂಕುಮ ಇರಲಿಲ್ಲ. ಅಂದಾನೆಪ್ಪ ಎಲ್ಲಿ ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ.

"ನೀಲಕ್ಕಾ, ಇಲ್ನೋಡು, ಸೇರು ಇಟ್ಟಾರ. ಬಂಗಾರದ್ದು!" ಖೈರುನಬಿ ನಕ್ಕಳು. "ನಿನ್ನ ಗಂಡಗ ಇದನ್ನ ತೋರಿಸಬೇಕಿತ್ತು. ಎಂಥಾ ಬೈಗುಳ ಬೈತಿದ್ದಾ!"

ನೀಲವ್ವ ನಗಲಿಲ್ಲ. ಬಗ್ಗಿ ನನ್ನ ತಳದ ಹತ್ತಿರ ಕೈಯಾಡಿಸಿದಳು. ಬೆರಳು ತಗ್ಗಿಗೆ ಬಂದು ನಿಂತಿತು.

"ಖೈರುನಬಿ... ಇದು ನನ್ನ ಕಾಲು."

ಖೈರುನಬಿಯ ನಗೆ ನಿಂತಿತು. ಅವಳೂ ಬಗ್ಗಿ ನೋಡಿದಳು. "ಯಾ ಅಲ್ಲಾ" ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು, "ಆವತ್ತು ನಾನು ಜಗಳಾ ಮಾಡಬೇಕಿತ್ತು ನೀಲಕ್ಕಾ. ಸುಮ್ಮನ ಹೋಗಬಾರ್ದಿತ್ತು."

ನೀಲವ್ವ ನನ್ನ ಬಾಯಿಯ ಬಿಳಿ ಗುಂಡುಗಳನ್ನು ಒತ್ತಿ ನೋಡಿದಳು. ಅವು ಕಿರ್ರೆಂದವು. ಗೋಂದು ಒಂದು ಕಡೆ ಬಿಟ್ಟಿತ್ತು. ಅವಳು ನೆಟ್ಟಗಾಗಿ ಅತ್ತಿತ್ತ ನೋಡಿ, ಪಕ್ಕದಲ್ಲಿ ತೆರೆದಿಟ್ಟಿದ್ದ ಅಕ್ಕಿಯ ಡಬ್ಬಕ್ಕೆ ನಡೆದಳು. ಒಂದು ಹಿಡಿ ಅಕ್ಕಿ ತಂದು, ಗೋಂದು ಬಿಟ್ಟ ಸಂದಿಯಿಂದ ನನ್ನೊಳಗೆ ಸುರಿಯುತ್ತಾ ಹೇಳಿದಳು:

"ಲಾಭ."

ಅಕ್ಕಿ ಥರ್ಮಾಕೋಲಿನ ನಡುವೆ ಹಾದು ನನ್ನ ತಳಕ್ಕೆ ಬಂದು ಮುಟ್ಟಿತು. ಅದರ ಭಾರ! ಎಷ್ಟು ಕಾಲವಾಗಿತ್ತು!

ನೀಲವ್ವ ಇನ್ನೊಂದು ಹಿಡಿ ತೆಗೆದುಕೊಂಡಳು. ಅಷ್ಟರಲ್ಲಿ ಅಂಗಡಿಯ ಅಂಗಿ ತೊಟ್ಟ ಹುಡುಗಿಯೊಬ್ಬಳು ಓಡಿ ಬಂದಳು. ಮೇದಾರ ಓಣಿಯದೇ ಹುಡುಗಿ. ಅವಳ ತಾಯಿ ನನ್ನನ್ನು ಒದ್ದು ಮನೆ ತುಂಬಿದವಳು.

"ನೀಲಜ್ಜಿ, ಬ್ಯಾಡ್ರಿ! ಮುಟ್ಟಬಾರ್ದು ಅದನ್ನ. ಅದು ಬರೇ ತೋರ್ಸಾಕ ಇಟ್ಟದ್ದು."

"ಖಾಲಿ ಇಡಬಾರ್ದವ್ವ ಸೇರು."

"ಮ್ಯಾಲೆ ಕ್ಯಾಮರಾ ಐತ್ರಿ ಅಜ್ಜಿ. ನೋಡಿದ್ರ ನನ್ನ ಕೆಲಸ ಹೋಗ್ತೈತಿ. ಕೈ ಮುಗೀತೀನಿ."

ನೀಲವ್ವ ಹುಡುಗಿಯ ಮುಖ ನೋಡಿದಳು. ಮುಷ್ಟಿಯಲ್ಲಿ ಅಕ್ಕಿ ಇತ್ತು. ಬೇಕಿದ್ದರೆ ಕೂಗಾಡಬಹುದಿತ್ತು, ಅಂದಾನೆಪ್ಪನಾಗಿದ್ದರೆ ಕೂಗಾಡಿಯೇ ಬಿಡುತ್ತಿದ್ದ. ಅವಳು ತಿರುಗಿ ಹೋಗಿ ಆ ಅಕ್ಕಿಯನ್ನು ಡಬ್ಬಕ್ಕೆ ಸುರಿದಳು. ಅಂಗೈಗೆ ಅಂಟಿದ್ದನ್ನೂ ಕೊಡವಿದಳು.

"ನಿನ್ನ ಕೆಲಸ ಇರ್ಲಿ ತಾಯಿ" ಎಂದಳು.

ಇಬ್ಬರು ಮುದುಕಿಯರು ಒಬ್ಬರ ತೋಳು ಒಬ್ಬರು ಹಿಡಿದು ಹೋದರು. ಗಾಜಿನ ಬಾಗಿಲು ತಾನೇ ತೆರೆದು ತಾನೇ ಮುಚ್ಚಿಕೊಂಡಿತು.

ಹಬ್ಬ ಮುಗಿಯಿತು. ರಟ್ಟಿನ ಎತ್ತನ್ನೂ ನನ್ನನ್ನೂ ಹಿಂದಿನ ಗೋದಾಮಿಗೆ ಒಯ್ದು ಒಗೆದರು. ಒಡೆದ ಗಾಲಿಬುಟ್ಟಿಗಳ ಪಕ್ಕ ಕೂತಿದ್ದೇನೆ. ಬಂಗಾರದ ಬಣ್ಣ ಸುಲಿದು ಕಬ್ಬಿಣ ಕಾಣುತ್ತಿದೆ. ಒಳ್ಳೆಯದೇ ಆಯಿತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ಈಗಲೂ ತಿಳಿಯುತ್ತಿಲ್ಲ. ಗಾಜಿನ ಅಂಗಡಿಯ ಯಜಮಾನನ ಕಾಲು ಹೇಗಿರುತ್ತದೆ ಎಂದು ನೋಡಬೇಕೆಂದಿದ್ದೆ, ಅವನು ಒಂದು ದಿನವೂ ತನ್ನ ಅಂಗಡಿಗೆ ಬರಲಿಲ್ಲ.

ಥರ್ಮಾಕೋಲಿನ ಕೆಳಗೆ, ನನ್ನ ತಳದಲ್ಲಿ, ತಗ್ಗಿನ ಹತ್ತಿರ, ನೀಲವ್ವ ಹಾಕಿದ ಅಕ್ಕಿ ಹಾಗೆಯೇ ಇದೆ. ನಾನು ಖಾಲಿಯಿಲ್ಲ. ಅವಳು ಮಾವನಿಗೆ ಕೊಟ್ಟ ಮಾತು ಉಳಿದಿದೆ.

ಅವಳು ಲಾಭ ಎಂದಳು. ಎಣಿಕೆ ಶುರುವಾಗಿದೆ. ಎರಡು ಎನ್ನುವ ಒಂದು ದನಿಗಾಗಿ, ಈ ಕತ್ತಲಲ್ಲಿ ಬಾಯಿ ತೆರೆದುಕೊಂಡು ಕೂತಿದ್ದೇನೆ.